ಎಕ್ಸಿಬಿಷನ್‌ಗೆ ಡಿಎನ್‌ಎ ಮಾಡೆಲ್ ಮಾಡುದಾದ್ರೆ ಅಳತೆ ಇಟ್ಟೇ ಮಾಡಿ ಮಾರಾಯ್ರೆ

ಮಳೆ ಬಿಟ್ಟು ಶಾಲೆಗಳಲ್ಲಿ ಎಕ್ಸಿಬಿಷನ್ ಶುರುವಾಯ್ತು ಅಂದ್ರೆ ನಮ್ಮ ಉಡುಪಿ ಮಂಗಳೂರು ಕಡೆ ಎಲ್ಲಿ ಹೋದ್ರೂ ನಾಲ್ಕು ಐಟಂ ಗ್ಯಾರಂಟಿ, ಅಡಿಗೆ ಸೋಡದ ಜ್ವಾಲಾಮುಖಿ, ಸಿರಿಂಜಿನ ಜೆಸಿಬಿ, ಮಳೆನೀರು ಕೊಯ್ಲು, ಮತ್ತೆ ಎಲ್ಲೋ ಮೂಲೆಯಲ್ಲಿ ಒಂದು ಡಿಎನ್‌ಎ. ಈ ಡಿಎನ್‌ಎ ಅಂದ್ರೆ ಎರಡು ಬಣ್ಣದ ಪೈಪು, ನಡುವೆ ಥರ್ಮಾಕೋಲ್ ಉಂಡೆ ಚುಚ್ಚಿದ ಕಡ್ಡಿ, ಮೇಲಿಂದ ಹಿಡಿದು ಒಮ್ಮೆ ತಿರುಗಿಸಿದ್ದು, ಮುಗೀತು. ನೋಡ್ಲಿಕ್ಕೆ ಚಂದವೇ ಇರ್ತದೆ, ಇಲ್ಲ ಅಂತಲ್ಲ. ಆದ್ರೆ ಹತ್ತಿರ ಹೋಗಿ ನೋಡಿದ್ರೆ ಸುತ್ತು ಎಡಗಡೆಗೆ ಹೋಗಿರ್ತದೆ, ಎರಡು ಎಳೆಯ ನಡುವಿನ ಸಂದು ಎರಡೂ ಕಡೆ ಒಂದೇ ಅಗಲ, ಎರಡೂ ಎಳೆ ಒಂದೇ ದಿಕ್ಕಿಗೆ ಮುಖ ಮಾಡಿರ್ತದೆ, ಎ ಎದುರು ಟಿ ಅಂತ ಬರೆದಿರ್ತಾರೆ (ಎ, ಟಿ, ಜಿ, ಸಿ ಅಂದ್ರೆ ಡಿಎನ್‌ಎಯ ನಾಲ್ಕು ಅಕ್ಷರ, ಇವಕ್ಕೇ ಬೇಸ್ ಅನ್ನುದು, ಎರಡು ಎಳೆಯ ನಡುವೆ ಎದುರುಬದುರು ಜೋಡಿಯಾಗಿ ಕೂರ್ತವೆ) ಆದ್ರೆ ಯಾಕೆ ಎ ಎದುರು ಎ ಆಗ್ಬಾರ್ದು ಅಂತ ಕೇಳಿದ್ರೆ ಮಕ್ಕಳು ಟೀಚರ್ ಮುಖ ನೋಡ್ತಾರೆ. ಈ ನಾಲ್ಕರಲ್ಲಿ ಒಂದೊಂದನ್ನು ಸರಿ ಮಾಡ್ಲಿಕ್ಕೂ 1950ರ ಸುಮಾರಿಗೆ ಲಂಡನ್ನು ಕೇಂಬ್ರಿಜ್ಜಿನಲ್ಲಿ ಜನ ಮಂಡೆ ಬಿಸಿ ಮಾಡ್ಕೊಂಡಿದ್ರು, ಹಾಗಾಗಿ ಮಾಡೆಲಿನ ಅಳತೆ ಸರಿ ಇಟ್ರೆ ಇತಿಹಾಸ ಬೇರೆ ಬಾಯಿಪಾಠ ಮಾಡುದೇ ಬೇಡ, ಪ್ರತಿ ಅಳತೆಯ ಹಿಂದೆಯೂ ಒಬ್ಬರ ಹೆಸರು ಇರ್ತದೆ, ಅದನ್ನು ಹೇಳ್ತಾ ಹೋದ್ರೆ ಆಯ್ತು.

ಖರ್ಚು ಜಾಸ್ತಿ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ (ಮಂಗಳೂರಿನವರಿಗೆ ಬಂದರು ಕಡೆ ಹೋದ್ರೆ ಎಲ್ಲಾ ಒಟ್ಟಿಗೇ ಸಿಗ್ತದೆ) ಒಂದು ಮೀಟರ್ ಉದ್ದದ 8 ಎಂಎಂ ಥ್ರೆಡ್ ರಾಡ್ ಕೇಳಿ, ಅಂದ್ರೆ ಬುಡದಿಂದ ತುದಿವರೆಗೆ ಬೋಲ್ಟಿನ ಹಾಗೆ ಮರೆ ಇರುವ ಸರಳು. ಅದಕ್ಕೆ ನಾಲ್ಕೈದು ನಟ್ಟು, ದೊಡ್ಡ ವಾಷರು. ವಯರಿಂಗ್‌ನವರು ಹಾಕುವ ಪಿವಿಸಿ ಪೈಪು ಒಂದು ಮೀಟರ್. ಅಡಿಗೆ ಒಂದು ಅಡಿ ಚದರದ ಪ್ಲೈವುಡ್ ತುಂಡು. ಹಳದಿ ಒಂದು ನೀಲಿ ಒಂದು ನೈಲಾನ್ ಹಗ್ಗ, ಬೆರಳು ದಪ್ಪ ಬೇಡ, ಬಟ್ಟೆ ಒಣಗಿಸುವ ಹಗ್ಗದಷ್ಟು ಸಾಕು, ತಲಾ ಎರಡು ಮೀಟರ್. ಕೋನಮಾಪಕ, ಬಣ್ಣ, ಗಮ್ಮು ಮನೆಯಲ್ಲಿ ಇರ್ತದೆ. ಮುಖ್ಯ ಸಾಮಾನು ರಟ್ಟು, ಅದು ಫ್ರಿಡ್ಜಿನದ್ದೋ ಟಿವಿಯದ್ದೋ ಪೆಟ್ಟಿಗೆ ಆದೀತು.

ಸ್ಕೇಲು ಹೀಗಿಡಿ, ಒಂದು ಆಂಗ್‌ಸ್ಟ್ರಾಂಗೆ ಒಂದು ಸೆಂಟಿಮೀಟರ್. ಆಂಗ್‌ಸ್ಟ್ರಾಂ ಅಂದ್ರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು, ಅಂದ್ರೆ ನಿಮ್ಮ ಮಾಡೆಲ್ ನಿಜವಾದದ್ದಕ್ಕಿಂತ ಹತ್ತು ಕೋಟಿ ಪಾಲು ದೊಡ್ಡದು. ಹೀಗಿಟ್ರೆ ಲೆಕ್ಕ ಮಾಡುವ ಕಿರಿಕಿರಿಯೇ ಇಲ್ಲ, ಪುಸ್ತಕದಲ್ಲಿ 20 ಆಂಗ್‌ಸ್ಟ್ರಾಂ ಅಂತ ಇದ್ರೆ ನಿಮ್ಮದು 20 ಸೆಂಟಿಮೀಟರ್, ಅಷ್ಟೆ. ಅಗಲ 20, ಒಂದು ಪೂರ್ತಿ ಸುತ್ತಿನ ಎತ್ತರ 34, ಒಂದು ಜೋಡಿಯಿಂದ ಮೇಲಿನ ಜೋಡಿಗೆ 3.4. ಎರಡು ಸುತ್ತು ಮಾಡಿದ್ರೆ 68 ಸೆಂಟಿಮೀಟರ್, ಮೇಜಿನ ಮೇಲೆ ಕೂರ್ತದೆ. ಯಾರಾದ್ರೂ ಪೂರ್ತಿ ಡಿಎನ್‌ಎ ಯಾಕೆ ಮಾಡ್ಲಿಲ್ಲ ಅಂತ ಕೇಳಿದ್ರೆ ಹೇಳಿ, ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು ಎರಡು ಮೀಟರ್ ಡಿಎನ್‌ಎ ಉಂಟು, ಈ ಸ್ಕೇಲಲ್ಲಿ ಮಾಡಿದ್ರೆ ಎರಡು ಲಕ್ಷ ಕಿಲೋಮೀಟರ್ ಆಗ್ತದೆ, ಚಂದ್ರನ ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದ ಹಾಗೆ.

ಮೊದ್ಲು ರಟ್ಟು ಕತ್ತರಿಸುದು

ಒಂದು ರಟ್ಟಿನ ತುಂಡು ಅಂದ್ರೆ ಒಂದು ಬೇಸ್ ಜೋಡಿ. ಹೆಚ್ಚಿನವರು ಇಲ್ಲಿ ಒಂದು ನೇರ ಕಡ್ಡಿ ಇಟ್ಟು ಬಿಡ್ತಾರೆ, ಅಲ್ಲೇ ಮಾಡೆಲ್ ಹಾಳಾಗುದು. ನೀವು ತ್ರಿಕೋನ ಮಾಡಿ. ರಟ್ಟಿನ ಮೇಲೆ ಎರಡು ಚುಕ್ಕಿ 18 ಸೆಂಟಿಮೀಟರ್ ದೂರದಲ್ಲಿ ಹಾಕಿ, ಇವು ಎರಡು ಎಳೆ ಹೋಗುವ ತೂತು. ಆ ಎರಡರಿಂದಲೂ ಸರಿಯಾಗಿ 10 ಸೆಂಟಿಮೀಟರ್ ಆಗುವ ಮೂರನೇ ಚುಕ್ಕಿ ಹಾಕಿ, ಇದು ರಾಡ್ ಹೋಗುವ ತೂತು. ಮೂರು ಚುಕ್ಕಿಯ ಸುತ್ತಲೂ ಒಂದು ಸೆಂಟಿಮೀಟರ್ ಬಿಟ್ಟು, ರಾಡಿನ ಹಿಂದೆ ಮಾತ್ರ ಮೂರು ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ, ಇಲ್ಲದಿದ್ರೆ ನಟ್ಟು ಬಿಗಿ ಮಾಡುವಾಗ ಹರಿದು ಹೋಗ್ತದೆ. ಮೊದಲನೇದನ್ನು ಅಚ್ಚಾಗಿ ಇಟ್ಕೊಂಡು ಅದರ ಮೇಲೆ ಇಟ್ಟೇ ಬಾಕಿ ಎಲ್ಲಾ ಗೆರೆ ಎಳೀರಿ, ಒಂದನ್ನು ನೋಡಿ ಇನ್ನೊಂದು ಮಾಡ್ತಾ ಹೋದ್ರೆ ಕೊನೆಗೆ ಒಂದಕ್ಕೊಂದು ತಾಳೆ ಆಗುದಿಲ್ಲ. ಒಟ್ಟು 21 ಬೇಕು.

ರಟ್ಟು ಅಂದ್ರೆ ಚೀಪ್ ಅಂತ ಮಕ್ಕಳು ಮುಖ ಸಿಂಡರಿಸಿದ್ರೆ ಅವರಿಗೆ ಈ ಕಥೆ ಹೇಳಿ. 1953ರ ಫೆಬ್ರವರಿ ಕೊನೆಗೆ ಕೇಂಬ್ರಿಜ್ಜಿನ ಕ್ಯಾವೆಂಡಿಶ್ ಲ್ಯಾಬಲ್ಲಿ ಡಿಎನ್‌ಎಯ ಆಕಾರ ಹುಡುಕ್ತಿದ್ದ ಜೇಮ್ಸ್ ವಾಟ್ಸನ್‌ಗೆ ಬೇಸ್‌ಗಳ ತಗಡಿನ ತುಂಡು ಬೇಕಿತ್ತು, ವರ್ಕ್‌ಶಾಪಿನವರು ಮಾಡಿ ಕೊಟ್ಟಿರ್ಲಿಲ್ಲ, ಕಾದು ಬೇಜಾರಾಗಿ ಅವರೇ ರಟ್ಟಲ್ಲಿ ಕತ್ತರಿಸಿಕೊಂಡು ಮೇಜಿನ ಮೇಲೆ ಹೊಂದಿಸ್ತಾ ಕೂತ್ರು. ಅದಕ್ಕಿಂತ ಮೊದ್ಲು ಅವರ ತಲೆಯಲ್ಲಿದ್ದದ್ದು ಎ ಎದುರು ಎ, ಜಿ ಎದುರು ಜಿ. ಅದು ಆಗುದಿಲ್ಲ ಯಾಕಂದ್ರೆ ಎ ಮತ್ತು ಜಿ ದೊಡ್ಡ ಗಾತ್ರದ್ದು, ಎರಡು ಉಂಗುರ ಉಂಟು, ಟಿ ಮತ್ತು ಸಿ ಸಣ್ಣದು, ಒಂದೇ ಉಂಗುರ. ದೊಡ್ಡದಕ್ಕೆ ದೊಡ್ಡದು ಇಟ್ರೆ ಅಲ್ಲಿ ಉಬ್ಬುತ್ತದೆ, ಸಣ್ಣದಕ್ಕೆ ಸಣ್ಣದು ಇಟ್ರೆ ಒಳಗೆ ಸೊಂಟ ಬರ್ತದೆ. ಅದೇ ಆಫೀಸಲ್ಲಿ ಕೂರ್ತಿದ್ದ ಜೆರ್ರಿ ಡೊನೊಹ್ಯೂ ಅನ್ನುವ ಅಮೆರಿಕದ ಕೆಮಿಸ್ಟ್ ಇನ್ನೊಂದು ಮಾತು ಹೇಳಿದ್ರು, ಪಠ್ಯಪುಸ್ತಕದಲ್ಲಿ ಜಿ ಮತ್ತು ಟಿ ಯ ಹೈಡ್ರೋಜನ್ ಇಟ್ಟಿರುವ ಜಾಗವೇ ತಪ್ಪು, ಈನಾಲ್ ರೂಪ ಬಿಟ್ಟು ಕೀಟೋ ರೂಪ ಹಾಕಿ ಅಂತ. ಹಾಗೆ ಹಾಕಿ ನೋಡಿದ್ರೆ ಎ-ಟಿ ಜೋಡಿ ಮತ್ತು ಜಿ-ಸಿ ಜೋಡಿ ಒಂದರ ಮೇಲೆ ಒಂದು ಇಟ್ರೆ ಒಂದೇ ಆಕಾರ, ಒಂದೇ ಅಗಲ. ನಿಮ್ಮ 21 ರಟ್ಟಿಗೂ ಒಂದೇ ಅಚ್ಚು ಸಾಕಾಗಿದ್ದು ಇದೇ ಕಾರಣಕ್ಕೆ, ಜಡ್ಜ್ ಬಂದಾಗ ಅಚ್ಚನ್ನೇ ಕೈಯಲ್ಲಿ ಹಿಡಿದು ತೋರಿಸಿ.

ಈಗ ಬಣ್ಣ. ರಟ್ಟಿನ 18 ಸೆಂಟಿಮೀಟರ್ ಕಡೆಯನ್ನು 11 ಮತ್ತು 7 ಅಂತ ಪಾಲು ಮಾಡಿ ಗೆರೆ ಎಳೀರಿ, ದೊಡ್ಡ ಪಾಲಿಗೆ ಎ ಅಥವಾ ಜಿ, ಸಣ್ಣ ಪಾಲಿಗೆ ಟಿ ಅಥವಾ ಸಿ. ನಾಲ್ಕಕ್ಕೆ ನಾಲ್ಕು ಬಣ್ಣ. ಗೆರೆಯ ಮೇಲೆ ಎ-ಟಿ ಆದ್ರೆ ಎರಡು ಬಿಳಿ ಗೀಟು, ಜಿ-ಸಿ ಆದ್ರೆ ಮೂರು, ಇವು ಎರಡು ಬೇಸನ್ನು ಒಟ್ಟಿಗೆ ಹಿಡಿದಿಡುವ ಹೈಡ್ರೋಜನ್ ಬಾಂಡು. ಒಂದು ತಮಾಷೆ ಎಂತ ಅಂದ್ರೆ ವಾಟ್ಸನ್ ಮತ್ತು ಅವರ ಜೊತೆಗಾರ ಕ್ರಿಕ್ 1953ರ ಪೇಪರಲ್ಲಿ ಜಿ-ಸಿ ಗೂ ಎರಡೇ ಬಾಂಡು ತೋರಿಸಿದ್ರು, ಮೂರನೇದನ್ನು ಸೇರಿಸಿದ್ದು 1956ರಲ್ಲಿ ಪೌಲಿಂಗ್ ಮತ್ತು ಕೋರಿ, ಡಿಎನ್‌ಎಯ ಆಕಾರ ಮೊದ್ಲು ಯಾರು ಕಂಡುಹಿಡಿಯುದು ಅನ್ನುವ ರೇಸಲ್ಲಿ ಸೋತವರೇ ಗೆದ್ದವರ ಲೆಕ್ಕ ತಿದ್ದಿದ ಹಾಗೆ ಆಯ್ತು.

ಬಣ್ಣ ಹಾಕಿ ಆದ್ಮೇಲೆ ಮಕ್ಕಳ ಹತ್ರ ನಾಲ್ಕು ಬಣ್ಣವನ್ನೂ ಬೇರೆ ಬೇರೆ ಎಣಿಸ್ಲಿಕ್ಕೆ ಹೇಳಿ. ಎ ಎಷ್ಟೋ ಟಿ ಅಷ್ಟೇ, ಜಿ ಎಷ್ಟೋ ಸಿ ಅಷ್ಟೇ, ಬೇರೆ ಆಗ್ಲಿಕ್ಕೆ ಸಾಧ್ಯವೇ ಇಲ್ಲ ಅಲ್ವಾ. ಎರ್ವಿನ್ ಚಾರ್ಗಾಫ್ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಇದನ್ನೇ ಉಲ್ಟಾ ದಿಕ್ಕಿಂದ ಕಂಡದ್ದು, ಮಾಡೆಲ್ ಇಲ್ಲ ಎಂತ ಇಲ್ಲ, ಬೇರೆ ಬೇರೆ ಜೀವಿಗಳ ಡಿಎನ್‌ಎಯನ್ನು ಒಡೆದು ಅಳೆದು ಅಳೆದು 1950ರಲ್ಲಿ ಹೇಳಿದ್ರು ಎ ಮತ್ತು ಟಿ ಸರಿಸಮ, ಜಿ ಮತ್ತು ಸಿ ಸರಿಸಮ ಅಂತ. ಮನುಷ್ಯನಲ್ಲಿ ಎ ಸುಮಾರು ನೂರಕ್ಕೆ 30, ಟಿ ಯೂ 30, ಜಿ ಸಿ ಸುಮಾರು 20-20. ಯಾಕೆ ಹಾಗೆ ಅಂತ ಅವರೂ ಹೇಳ್ಲಿಲ್ಲ, ಕೇಳಿದವರಿಗೂ ಮೂರು ವರ್ಷ ಹೊಳೀಲಿಲ್ಲ.

ಜೋಡಿಸುದು

ಪ್ಲೈವುಡ್ ನಡುವೆ ತೂತು ಹಾಕಿ ರಾಡ್ ನಿಲ್ಸಿ, ಮೇಲೆ ಕೆಳಗೆ ವಾಷರ್ ನಟ್ಟು ಹಾಕಿ ಬಿಗಿ ಮಾಡಿ. ಪಿವಿಸಿ ಪೈಪನ್ನು ತುಂಡು ತುಂಡು ಮಾಡ್ಬೇಕು, ಒಟ್ಟು 20. ಎಷ್ಟು ಉದ್ದ ಅಂದ್ರೆ ಪೈಪಿನ ಉದ್ದ ಪ್ಲಸ್ ಒಂದು ರಟ್ಟಿನ ದಪ್ಪ ಸೇರಿ 3.4 ಆಗ್ಬೇಕು. ರಟ್ಟಿನ ದಪ್ಪ ಅಂದಾಜಿಗೆ ಇಡ್ಬೇಡಿ, ಹತ್ತು ರಟ್ಟು ಒಟ್ಟಿಗೆ ಇಟ್ಟು ಅಳೆದು ಹತ್ತರಿಂದ ಭಾಗಿಸಿ, 3 ಮಿಲಿಮೀಟರ್ ಬಂದ್ರೆ ಪೈಪು 3.1. ಇಲ್ಲಿ ಒಂದೊಂದರಲ್ಲಿ ಎರಡು ಮಿಲಿ ಹೆಚ್ಚುಕಮ್ಮಿ ಆದ್ರೂ ಇಪ್ಪತ್ತಕ್ಕೆ ನಾಲ್ಕು ಸೆಂಟಿಮೀಟರ್ ಆಗಿ ಕೂರ್ತದೆ.

ಪ್ಲೈವುಡ್ ಮೇಲೆ ಒಂದು ಬಿಳಿ ಕಾಗದ ಅಂಟಿಸಿ ರಾಡನ್ನು ಕೇಂದ್ರ ಮಾಡಿ 36 ಡಿಗ್ರಿಗೆ ಒಂದರಂತೆ ಹತ್ತು ಗೆರೆ ಎಳೀರಿ, ನಂಬರ್ ಹಾಕಿ, ಮೇಲಿಂದ ನೋಡುವಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಉಲ್ಟಾ ನಂಬರ್ ಹೋಗ್ಬೇಕು, ಇದು ಮುಖ್ಯ. ಪ್ರತಿ ರಟ್ಟಲ್ಲಿ ಒಂದು ಮೂಲೆಗೆ ಹಳದಿ, ಇನ್ನೊಂದಕ್ಕೆ ನೀಲಿ ಗುರುತು ಮಾಡಿ. ರಾಡಿನ ಕಡೆ ದೂರ ಇರುವ ಹಾಗೆ ರಟ್ಟನ್ನು ನಿಮ್ಮ ಮುಂದೆ ಹಿಡಿದ್ರೆ 21ರಲ್ಲೂ ಹಳದಿ ಒಂದೇ ಕೈಯ ಕಡೆ ಇರ್ಬೇಕು. ಆಮೇಲೆ ಮೊದಲ ರಟ್ಟಿನ ಹಳದಿ ಮೂಲೆ ಒಂದನೇ ಗೆರೆಯ ಮೇಲೆ, ಒಂದು ಪೈಪು ತುಂಡು, ಎರಡನೇ ರಟ್ಟಿನ ಹಳದಿ ಮೂಲೆ ಎರಡನೇ ಗೆರೆಯ ಮೇಲೆ, ಹೀಗೆ. ಎತ್ತರ ಹೋದ ಹಾಗೆ ಕಣ್ಣಂದಾಜು ಕೈ ಕೊಡ್ತದೆ, ಅದಕ್ಕೆ ಒಂದು ನೂಲಿಗೆ ನಟ್ಟು ಕಟ್ಟಿ ಮೂಲೆಯಿಂದ ಕೆಳಗೆ ಇಳಿಬಿಡಿ, ಮೇಸ್ತ್ರಿಗಳು ಗೋಡೆ ನೋಡ್ಲಿಕ್ಕೆ ಮಾಡ್ತಾರಲ್ಲ ಅದೇ ತೂಕದ ನೂಲು, ನಟ್ಟು ಗೆರೆಯ ಮೇಲೆ ನಿಂತ್ರೆ ಸರಿ. 11ನೇ ರಟ್ಟು ಒಂದನೇದರ ನೇರ ಮೇಲೆ, 21ನೇದು ಪುನಃ ಅದರ ನೇರ ಮೇಲೆ ಬರ್ಬೇಕು. ಎಲ್ಲಾ ಸರಿ ಉಂಟು ಅಂತ ಆದ್ಮೇಲೆ ಮಾತ್ರ ತುದಿಯ ನಟ್ಟು ಬಿಗಿ ಮಾಡಿ, ಒಂದು ನಟ್ಟಿಗೆ ಇಡೀ ಮಾಡೆಲ್ ಲಾಕ್ ಆಗ್ತದೆ, ಗಮ್ಮಿನ ಅಗತ್ಯ ಬೀಳುದಿಲ್ಲ.

ಈ 3.4, 34, ಹತ್ತು, 36 ಎಲ್ಲಾ ಎಲ್ಲಿಂದ ಬಂತು ಅಂದ್ರೆ ಲಂಡನ್ನಿನ ಕಿಂಗ್ಸ್ ಕಾಲೇಜಿಂದ. ರೋಸಲಿಂಡ್ ಫ್ರಾಂಕ್ಲಿನ್ ಅಲ್ಲಿ ಡಿಎನ್‌ಎಯ ಸಪೂರ ಎಳೆ ಎಳೆದು ಅದಕ್ಕೆ ಎಕ್ಸ್-ರೇ ಬಿಟ್ಟು ಫೋಟೋ ತೆಗೀತಿದ್ರು. ಅವರಿಗಿಂತ ಮೊದ್ಲಿನವರ ಫೋಟೋಗಳೆಲ್ಲ ಕಲಸಿಹೋದ ಹಾಗೆ ಬರ್ತಿತ್ತು, ಯಾಕೆ ಅಂತ ಕಂಡುಹಿಡಿದದ್ದೇ ಇವರ ದೊಡ್ಡ ಕೆಲಸ ಅಂತ ನನಗೆ ಅನ್ನಿಸುದು. ಡಿಎನ್‌ಎಗೆ ಎರಡು ಅವತಾರ, ಗಾಳಿಯಲ್ಲಿ ತೇವ ನೂರಕ್ಕೆ 75 ಇದ್ರೆ ಗಿಡ್ಡ ದಪ್ಪದ ಎ ರೂಪ (ಇದು ಬೇಸಿನ ಎ ಅಲ್ಲ, ರೂಪದ ಹೆಸರು ಅಷ್ಟೆ), 92 ಮಾಡಿದ್ರೆ ನೀರು ಕುಡಿದು ಉದ್ದ ಆಗಿ ಬಿ ರೂಪ. ಎರಡೂ ಬೆರಕೆ ಆದ್ರೆ ಫೋಟೋ ಗಲೀಜು. ಅವರು ತೇವ ಕಂಟ್ರೋಲ್ ಮಾಡಿ ಎರಡನ್ನೂ ಬೇರೆ ಬೇರೆ ಮಾಡಿದ್ರು. (ನಮ್ಮಲ್ಲಿ ಆಟಿಯ ಮಳೆಯಲ್ಲಿ ಆಗಿದ್ರೆ ಬಿ ರೂಪಕ್ಕೆ ಕಷ್ಟವೇ ಇರ್ಲಿಲ್ಲ, ಎ ರೂಪ ಮಾಡ್ಲಿಕ್ಕೆ ಒದ್ದಾಡ್ಬೇಕಿತ್ತು.) 1952ರ ಮೇ ತಿಂಗಳಲ್ಲಿ ಅವರ ಕೈಕೆಳಗಿದ್ದ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದ ಬಿ ರೂಪದ ಫೋಟೋವೇ ಈಗ ಎಲ್ಲಾ ಕಡೆ ಕಾಣುವ 51ನೇ ನಂಬ್ರದ ಫೋಟೋ, ನಡುವೆ ದೊಡ್ಡ ಇಂಟು ಮಾರ್ಕಿನ ಹಾಗೆ ಚುಕ್ಕಿಗಳು. ಇಂಟು ಬಂತು ಅಂದ್ರೆ ಸುರುಳಿ ಅಂತ ಲೆಕ್ಕ. ಚುಕ್ಕಿಗಳ ಸಾಲಿನ ಅಂತರದಿಂದ ಸುತ್ತಿನ ಎತ್ತರ 34 ಸಿಕ್ತದೆ, ಮೇಲೆ ಕೆಳಗೆ ಇರುವ ದಪ್ಪ ಕಪ್ಪು ಕಲೆಯಿಂದ 3.4 ಸಿಕ್ತದೆ, ಭಾಗಿಸಿದ್ರೆ ಹತ್ತು, 360ನ್ನು ಹತ್ತರಿಂದ ಭಾಗಿಸಿದ್ರೆ 36. ಈಗ ನೀರಲ್ಲಿರುವ ಡಿಎನ್‌ಎ ಅಳೆದ್ರೆ ಸುತ್ತಿಗೆ 10.5 ಹತ್ತಿರ ಬರ್ತದೆ, ಹುಷಾರಿ ಜಡ್ಜ್ ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ ಹೇಳಿದೆ, ಮಾಡೆಲಿಗೆ ಹತ್ತೇ ಸಾಕು.

ಸುತ್ತು ಬಲಕ್ಕಾ ಎಡಕ್ಕಾ ಅಂತ ಚೆಕ್ ಮಾಡ್ಲಿಕ್ಕೆ ಥ್ರೆಡ್ ರಾಡ್ ತೆಗೊಳ್ಳಿ ಅಂತ ಹೇಳಿದ್ದು ಸುಮ್ನೆ ಅಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟು ರಾಡಿನ ಮರೆ ಎಲ್ಲಾ ಬಲಸುತ್ತು, ಎದುರಿಂದ ನೋಡಿದ್ರೆ ಗೆರೆಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಓರೆ ಹೋಗ್ತವೆ. ನಿಮ್ಮ ಹಗ್ಗದ ಎದುರಿನ ಭಾಗವೂ ರಾಡಿನ ಮರೆಯ ಹಾಗೇ ಓರೆ ಹೋಗ್ಬೇಕು, ವಿರುದ್ಧ ಹೋದ್ರೆ ಎಡಸುತ್ತು ಆಯ್ತು, ಬಿಚ್ಚಿ ಪುನಃ ಮಾಡಿ. ಅಡಿಮೇಲು ಮಾಡಿದ್ರೆ ಸರಿ ಆದೀತು ಅಂತ ಕೆಲವರು ಮಾಡೆಲನ್ನೇ ಬೋರಲು ಹಾಕ್ತಾರೆ, ಬೋರಲು ಹಾಕಿದ್ರೂ ಬಲಸುತ್ತು ಬಲಸುತ್ತೇ, ಎಡಸುತ್ತು ಎಡಸುತ್ತೇ, ಬದಲಾಗುದು ಕನ್ನಡಿಯಲ್ಲಿ ಮಾತ್ರ. ಹಾಗಾಗಿ ಮಾಡೆಲ್ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕುವವರು ಫೋನಲ್ಲಿ ಮಿರರ್ ಆಪ್ಷನ್ ಆಫ್ ಉಂಟಾ ನೋಡಿ, ಇಲ್ಲದಿದ್ರೆ ಕಷ್ಟಪಟ್ಟು ಮಾಡಿದ ಬಲಸುತ್ತು ಫೋಟೋದಲ್ಲಿ ಎಡಸುತ್ತಾಗಿ ಹೋಗ್ತದೆ. ಎಡಸುತ್ತಿನ ಡಿಎನ್‌ಎ ಇಲ್ಲವೇ ಇಲ್ಲ ಅಂತ ಮಾತ್ರ ಹೇಳ್ಬೇಡಿ, 1979ರಲ್ಲಿ ಅಲೆಕ್ಸಾಂಡರ್ ರಿಚ್ ತಂಡ ಝಡ್ ಡಿಎನ್‌ಎ ಅಂತ ಒಂದನ್ನು ಕಂಡಿದ್ದಾರೆ, ಆದ್ರೆ ಅದು ಬೇರೆಯೇ ಆಕಾರ, ಎಳೆ ಅಂಕುಡೊಂಕು ಹೋಗ್ತದೆ, ಸುತ್ತು ತಪ್ಪಿದ ಮಾಡೆಲಿಗೆ ಅದರ ಹೆಸರು ಹೇಳಿ ಪಾರಾಗ್ಲಿಕ್ಕೆ ಆಗುದಿಲ್ಲ.

ಹಗ್ಗ ಹಾಕುವಾಗ

ಹಳದಿ ಹಗ್ಗ ಹಳದಿ ಮೂಲೆಗಳ ತೂತಲ್ಲಿ ಬುಡದಿಂದ ತುದಿಗೆ, ನೀಲಿ ನೀಲಿಯಲ್ಲಿ. ಒಂದು ತೂತಿಂದ ಮೇಲಿನ ತೂತಿಗೆ ಸುಮಾರು 7 ಸೆಂಟಿಮೀಟರ್ ಹಗ್ಗ ಹಿಡಿಸ್ತದೆ, ಎರಡು ಸುತ್ತಿಗೆ ಒಂದೂವರೆ ಮೀಟರ್ ಒಳಗೆ ಮುಗೀತದೆ, ಬಾಕಿ ಗಂಟು ಹಾಕ್ಲಿಕ್ಕೆ. ತುಂಬಾ ಎಳೀಬೇಡಿ, ರಟ್ಟು ಬಗ್ಗುತ್ತದೆ. ಪ್ರತಿ ತೂತಿನ ಹೊರಗೆ ಒಂದು ದೊಡ್ಡ ಮಣಿ ಅಂಟಿಸಿ, ಅದು ಫಾಸ್ಫೇಟ್, ಅಂದ್ರೆ ಎಳೆಯಲ್ಲಿ ರಂಜಕ ಇರುವ ಭಾಗ.

ಮಣಿ ಯಾಕೆ ಹೊರಗೆ? ಇದೇ ಪ್ರಶ್ನೆಯಲ್ಲಿ ದೊಡ್ಡ ದೊಡ್ಡವರು ಜಾರಿದ್ದು. 1951ರ ಕೊನೆಗೆ ವಾಟ್ಸನ್ ಮತ್ತು ಕ್ರಿಕ್ ಮೊದಲ ಮಾಡೆಲ್ ಮಾಡಿದಾಗ ಮೂರು ಎಳೆ ಇಟ್ಟು ಫಾಸ್ಫೇಟೆಲ್ಲಾ ನಡುವೆ ತುಂಬಿಸಿದ್ರು. ಫ್ರಾಂಕ್ಲಿನ್ ಮಾತಾಡಿದ್ದನ್ನು ವಾಟ್ಸನ್ ಕೂತು ಕೇಳಿದ್ರು, ಆದ್ರೆ ನೀರಿನ ಲೆಕ್ಕ ಸರಿಯಾಗಿ ನೆನಪಿಟ್ಟುಕೊಳ್ಳಲಿಲ್ಲ. ಲಂಡನ್ನಿಂದ ಕಿಂಗ್ಸ್ ಕಾಲೇಜಿನವರು ನೋಡ್ಲಿಕ್ಕೆ ಬಂದ್ರು, ಫ್ರಾಂಕ್ಲಿನ್ ನಿಂತಲ್ಲೇ ಹೇಳಿದ್ರು ಇದು ಆಗುದಿಲ್ಲ, ಇಷ್ಟು ನೀರು ಹಿಡಿಯುವ ವಸ್ತುವಿನ ಫಾಸ್ಫೇಟ್ ಹೊರಗೇ ಇರ್ಬೇಕು ಅಂತ. ಲ್ಯಾಬಿನ ಮುಖ್ಯಸ್ಥ ಬ್ರ್ಯಾಗ್ ಅವರು ಇಬ್ಬರಿಗೂ ಡಿಎನ್‌ಎ ಮುಟ್ಬೇಡಿ ಅಂದ್ರು. 1953ರ ಶುರುವಿಗೆ ಲೈನಸ್ ಪೌಲಿಂಗ್, ಪ್ರೋಟೀನಿನ ಆಲ್ಫಾ ಸುರುಳಿ ಕಂಡುಹಿಡಿದ ಅಷ್ಟು ದೊಡ್ಡ ಕೆಮಿಸ್ಟ್, ಅವರೂ ಮೂರೆಳೆ, ಫಾಸ್ಫೇಟ್ ಒಳಗೆ ಅಂತಲೇ ಪೇಪರ್ ಬರೆದ್ರು. ಪುಸ್ತಕಗಳಲ್ಲಿ ಫ್ರಾಂಕ್ಲಿನ್ ಅಂದ್ರೆ ಫೋಟೋ ತೆಗೆದವರು ಅಂತ ಒಂದು ಸಾಲಲ್ಲಿ ಮುಗಿಸ್ತಾರೆ, ಅದು ನನಗೆ ಸರಿ ಕಾಣುದಿಲ್ಲ. ಮಾಡೆಲಿನ ಒಳಗೆ ಹೊರಗೆ ಹೇಳಿದ್ದೇ ಅವರು.

ಈಗ ಸ್ವಲ್ಪ ದೂರ ನಿಂತು ನೋಡಿ. ಎರಡು ಹಗ್ಗದ ನಡುವಿನ ಸಂದು ಒಂದು ಕಡೆ ಸಪೂರ ಒಂದು ಕಡೆ ಅಗಲ ಕಾಣ್ತದೆ, ಟೇಪ್ ಹಿಡಿದು ನೆಟ್ಟಗೆ ಅಳೆದ್ರೆ ಸುಮಾರು 12 ಮತ್ತು 22 ಸೆಂಟಿಮೀಟರ್. ಕಡ್ಡಿಯ ಬದ್ಲು ತ್ರಿಕೋನ ಇಟ್ಟದ್ದಕ್ಕೆ ಬಂದದ್ದು ಇದು, ಕಡ್ಡಿ ಇಟ್ಟಿದ್ರೆ ಎರಡೂ 17 ಆಗ್ತಿತ್ತು. 51ನೇ ಫೋಟೋದಲ್ಲಿ ನಡುವಿನಿಂದ ಎಣಿಸಿದ್ರೆ ನಾಲ್ಕನೇ ಸಾಲಿನ ಚುಕ್ಕಿ ಮಾಯ, ಅದಕ್ಕೆ ಕಾರಣವೇ ಇದು, ಎರಡು ಎಳೆ ಸರಿಯಾಗಿ ಅರ್ಧ ಸುತ್ತಿನ ಅಂತರದಲ್ಲಿ ಇಲ್ಲ, ಎಂಟರಲ್ಲಿ ಮೂರು ಪಾಲಿನಷ್ಟು ಸರಿದಿವೆ. ಅಗಲದ ಸಂದು ಉಪಯೋಗಕ್ಕೂ ಬರ್ತದೆ, ಡಿಎನ್‌ಎ ಬಿಚ್ಚದೆಯೇ ಹೊರಗಿಂದ ಅಕ್ಷರ ಓದುವ ಪ್ರೋಟೀನುಗಳಲ್ಲಿ ಬಹಳಷ್ಟು ಅಲ್ಲೇ ಕೈ ಹಾಕುದು.

ಬಾಣದ ಗುರುತು ಮರೀಬೇಡಿ. ಹಳದಿ ಹಗ್ಗಕ್ಕೆ ಮೇಲ್ಮುಖ ಬಾಣ, ನೀಲಿಗೆ ಕೆಳಮುಖ. ಎರಡು ಎಳೆ ವಿರುದ್ಧ ದಿಕ್ಕಿಗೆ ಓಡ್ತವೆ ಅಂತ ಗೊತ್ತಾದದ್ದು ಫ್ರಾನ್ಸಿಸ್ ಕ್ರಿಕ್‌ಗೆ. ಕಿಂಗ್ಸ್ ಕಾಲೇಜಿನವರು ಮೆಡಿಕಲ್ ರಿಸರ್ಚ್ ಕೌನ್ಸಿಲ್‌ಗೆ ಕೊಟ್ಟ ಒಂದು ರಿಪೋರ್ಟಲ್ಲಿ ಫ್ರಾಂಕ್ಲಿನ್ ಎ ರೂಪದ ಹರಳಿನ ಸಿಮೆಟ್ರಿ ಬರೆದಿದ್ರು, ಅದು ಕ್ಯಾವೆಂಡಿಶ್‌ನಲ್ಲೇ ಇದ್ದ ಮ್ಯಾಕ್ಸ್ ಪೆರುಟ್ಜ್ ಮೂಲಕ ಕ್ರಿಕ್ ಕೈಗೆ ಸಿಕ್ತು, ಅಂಥದ್ದೇ ಸಿಮೆಟ್ರಿಯ ಹರಳಿನ ಮೇಲೆ ಪಿಎಚ್‌ಡಿ ಮಾಡ್ತಿದ್ದ ಕ್ರಿಕ್‌ಗೆ ನೋಡಿದ ಕೂಡ್ಲೇ ಅರ್ಥ ಆಯ್ತು. ರಿಪೋರ್ಟ್ ಗುಟ್ಟಿನದ್ದೇನೂ ಅಲ್ಲ, ಆದ್ರೆ ಫ್ರಾಂಕ್ಲಿನ್‌ರನ್ನು ಯಾರೂ ಕೇಳ್ಲಿಲ್ಲ. 1953ರ ಜನವರಿಯಲ್ಲಿ ಕಿಂಗ್ಸ್ ಕಾಲೇಜಿನಲ್ಲೇ ಇದ್ದ ಮಾರಿಸ್ ವಿಲ್ಕಿನ್ಸ್ 51ನೇ ಫೋಟೋವನ್ನು ವಾಟ್ಸನ್‌ಗೆ ತೋರಿಸಿದ್ದೂ ಅವರಿಗೆ ಗೊತ್ತಿಲ್ಲದೆಯೇ. ಕಳ್ಳತನ ಅಂತ ಬೊಬ್ಬೆ ಹಾಕುವವರೂ ಇದ್ದಾರೆ, ಎಂತದೂ ಆಗ್ಲಿಲ್ಲ ಅನ್ನುವವರೂ ಇದ್ದಾರೆ, ನನ್ನ ಪ್ರಕಾರ ಹೇಳಿ ಮಾಡ್ಬೇಕಾದ್ದನ್ನು ಹೇಳದೆ ಮಾಡಿದ್ರು, ಮರ್ಯಾದೆಯ ಕೆಲಸ ಅಲ್ಲ.

ದಿಕ್ಕಿನ ವಿಷಯ ಮಕ್ಕಳ ತಲೆಗೆ ಹೋಗ್ಲಿಕ್ಕೆ ಒಂದು ಉಪಾಯ ಉಂಟು. ನಡುವೆ ಎಲ್ಲಾದ್ರೂ ಆರು ರಟ್ಟು ಹೀಗೆ ಬರುವ ಹಾಗೆ ಇಡಿ, ಹಳದಿ ಎಳೆಯನ್ನು ಕೆಳಗಿಂದ ಮೇಲೆ ಓದಿದ್ರೆ ಜಿ, ಎ, ಎ, ಟಿ, ಟಿ, ಸಿ. ಈಗ ನೀಲಿ ಎಳೆಯನ್ನು ಅದರ ಬಾಣದ ಹಾಗೆ ಮೇಲಿಂದ ಕೆಳಗೆ ಓದ್ಲಿಕ್ಕೆ ಹೇಳಿ, ಅದೂ ಜಿ, ಎ, ಎ, ಟಿ, ಟಿ, ಸಿ. ಎರಡೂ ಒಂದೇ ದಿಕ್ಕಿಗೆ ಓದಿದ್ರೆ ಹೀಗೆ ಬರುದೇ ಇಲ್ಲ. ಇದೇ ಆರು ಅಕ್ಷರ ಹುಡುಕಿ ಕತ್ತರಿಸುವ ಇಕೋ ಆರ್ ಒನ್ ಅನ್ನುವ ಎನ್‌ಝೈಮ್ ಇ ಕೊಲೈ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು, ಜೆನೆಟಿಕ್ ಇಂಜಿನಿಯರಿಂಗ್ ಮಾಡುವವರ ಹಳೇ ಕತ್ತರಿ ಅದು. ಪಿಯುಸಿ ಮಕ್ಕಳಿಗಾದ್ರೆ ಇದು ಪರೀಕ್ಷೆಗೂ ಬರ್ತದೆ.

ಮಾಡೆಲ್ ಪಕ್ಕ ಇಡ್ಲಿಕ್ಕೆ ಒಂದು ಡೆಮೋ

ಚಾರ್ಟಿನ ಮುಂದೆ ಜನ ನಿಲ್ಲುದಿಲ್ಲ, ಇದರ ಮುಂದೆ ನಿಲ್ತಾರೆ. ಒತ್ತುವ ಪೆನ್ನಿನ ಒಳಗೆ ಸಣ್ಣ ಸ್ಪ್ರಿಂಗ್ ಇರ್ತದಲ್ಲ, ಅದನ್ನು ತೆಗೆದು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಸಿ. ಕತ್ತಲೆ ಕೋಣೆ, ಮೂರು ನಾಲ್ಕು ಮೀಟರ್ ದೂರ ಬಿಳಿ ಗೋಡೆ. ಕೆಂಪು ಲೇಸರ್ ಪಾಯಿಂಟರನ್ನು ಪುಸ್ತಕದ ಮೇಲೆ ಇಟ್ಟು ಅಲ್ಲಾಡದ ಹಾಗೆ ಮಾಡಿ ಸ್ಪ್ರಿಂಗಿನ ನಡುವಿಗೆ ಬಿಡಿ. ಗೋಡೆಯಲ್ಲಿ ಇಂಟು ಮಾರ್ಕ್ ಬರ್ತದೆ, 51ನೇ ಫೋಟೋದ್ದೇ ಆಕಾರ, ಇಂಟಿನ ಗೆರೆಗಳೊಳಗೆ ಸಣ್ಣ ಸಣ್ಣ ಚುಕ್ಕಿ. ಸ್ಪ್ರಿಂಗಿನ ಎದುರಿನ ತಂತಿಗಳೆಲ್ಲ ಒಂದು ಕಡೆಗೆ ಓರೆ, ಹಿಂದಿನವು ಇನ್ನೊಂದು ಕಡೆಗೆ ಓರೆ, ಬೆಳಕು ಎರಡಕ್ಕೂ ಅಡ್ಡವಾಗಿ ಒಂದೊಂದು ಗೆರೆಯಲ್ಲಿ ಚದುರ್ತದೆ, ಎರಡು ಗೆರೆ ಸೇರಿ ಇಂಟು. ಸುತ್ತಿನ ಅಂತರ ಒಂದು ಮಿಲಿಮೀಟರ್ ಇದ್ರೆ ನಾಲ್ಕು ಮೀಟರ್ ದೂರದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಎರಡೂವರೆ ಮಿಲಿಮೀಟರ್ ಆಸುಪಾಸು. ಸ್ಪ್ರಿಂಗನ್ನು ಮೆಲ್ಲ ಎಳೆದು ಉದ್ದ ಮಾಡಿ, ಇಂಟು ಅಗಲಕ್ಕೆ ಬಿಚ್ಚಿಕೊಳ್ತದೆ, ಚುಕ್ಕಿಗಳು ಮಾತ್ರ ಹತ್ತಿರ ಹತ್ತಿರ ಬರ್ತವೆ. ಸುತ್ತು ದೂರ ಆದ್ರೆ ಚುಕ್ಕಿ ಹತ್ತಿರ, ಈ ಉಲ್ಟಾ ಲೆಕ್ಕ ಹಿಡಿದೇ ಫೋಟೋದಿಂದ 34 ತೆಗೆದದ್ದು. ಲೇಸರ್ ಮಾತ್ರ ಮಕ್ಕಳ ಕೈಗೆ ಕೊಡ್ಬೇಡಿ, ಕಣ್ಣಿಗೆ ಬೀಳುದು ಬೇಡ, ಹಿಂದೆ ಸ್ಟೀಲ್ ಕಪಾಟು ಇದ್ರೆ ಅದರ ಮೇಲೊಂದು ಬಟ್ಟೆ ಹಾಕಿ.

ಹಿಂದಿನ ಚಾರ್ಟಲ್ಲಿ ಎಂತ ಬರೀಬೇಕು

1953ರಿಂದ ಶುರು ಮಾಡ್ಬೇಡಿ, ಅದಕ್ಕಿಂತ ಮೊದ್ಲಿನದ್ದೇ ಸ್ವಾರಸ್ಯ. ಗುಣಗಳು ತಲೆಮಾರಿಂದ ತಲೆಮಾರಿಗೆ ಹೇಗೆ ಹೋಗ್ತವೆ ಅಂತ ನೋಡ್ಲಿಕ್ಕೆ ಮೆಂಡೆಲ್ ಬ್ರನೋದ ಮಠದ ತೋಟದಲ್ಲಿ ಬಟಾಣಿ ಎಣಿಸಿದ್ದು ಎಲ್ಲರೂ ಬರೀತಾರೆ, ನೀವು ಅಂಕಿ ಬರೀರಿ, ಉರುಟು ಬೀಜ 5474, ಸುಕ್ಕು ಬೀಜ 1850, ಭಾಗಿಸಿದ್ರೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚಾಯ್ತು, 1900ರವರೆಗೆ ಹೆಚ್ಚು ಕಡಿಮೆ ಯಾರೂ ಮೂಸಿ ನೋಡ್ಲಿಲ್ಲ. ಡಿಎನ್‌ಎ ಸಿಕ್ಕಿದ್ದು ಇನ್ನೊಂದು ದಾರಿಯಲ್ಲಿ, 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಹಳೇ ಕೋಟೆಯ ಅಡಿಗೆಕೋಣೆಯನ್ನೇ ಲ್ಯಾಬ್ ಮಾಡ್ಕೊಂಡಿದ್ದ ಕಡೆ ಫ್ರೀಡ್ರಿಶ್ ಮೀಶರ್ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ತರಿಸಿ ತೊಳೆದು ಬಿಳಿ ರಕ್ತಕಣದ ನಡುವಿಂದ ರಂಜಕ ಇರುವ ಒಂದು ವಸ್ತು ತೆಗೆದ್ರು, ನ್ಯೂಕ್ಲಿನ್ ಅಂತ ಹೆಸರಿಟ್ರು. ಮೆಂಡೆಲ್ ಮತ್ತು ಮೀಶರ್ ಹೆಚ್ಚು ಕಡಿಮೆ ಒಂದೇ ಕಾಲದವರು, ಒಬ್ಬರ ಹತ್ರ ಲೆಕ್ಕ ಇತ್ತು ಇನ್ನೊಬ್ಬರ ಹತ್ರ ವಸ್ತು ಇತ್ತು, ಎರಡೂ ಒಂದೇ ವಿಷಯ ಅಂತ ತಿಳೀಲಿಕ್ಕೆ 1944 ಬರ್ಬೇಕಾಯ್ತು. ನಡುವೆ ಫೀಬಸ್ ಲೆವೀನ್ ಡಿಎನ್‌ಎ ಅಂದ್ರೆ ನಾಲ್ಕೇ ಅಕ್ಷರ ಒಂದೇ ಕ್ರಮದಲ್ಲಿ ತಿರುಗಿ ತಿರುಗಿ ಬರುದು ಅಂದಿದ್ರು, ಅಷ್ಟು ಪೆದ್ದು ವಸ್ತುವಲ್ಲಿ ಎಂತ ಮಾಹಿತಿ ಇದ್ದೀತು ಅಂತ ಹೆಚ್ಚಿನವರು ಪ್ರೋಟೀನಿನ ಹಿಂದೆ ಬಿದ್ರು.

1928ರಲ್ಲಿ ಲಂಡನ್ನಿನ ಗ್ರಿಫಿತ್ ರೋಗ ತರುವ ನ್ಯುಮೋನಿಯಾ ಬ್ಯಾಕ್ಟೀರಿಯಾವನ್ನು ಕೊಂದು, ಅದನ್ನು ನಿರುಪದ್ರವಿ ಜೀವಂತ ಬ್ಯಾಕ್ಟೀರಿಯಾ ಜೊತೆ ಬೆರೆಸಿ ಇಲಿಗೆ ಕೊಟ್ರೆ ಇಲಿ ಸತ್ತೇ ಹೋಯ್ತು, ಸತ್ತವರಿಂದ ಬದುಕಿದವರಿಗೆ ಎಂತದೋ ದಾಟಿದೆ. ಎಂತದು ಅಂತ ಏವರಿ, ಮೆಕ್ಲಿಯಾಡ್, ಮೆಕಾರ್ಟಿ 1944ರಲ್ಲಿ ತೋರಿಸಿದ್ರು, ಪ್ರೋಟೀನ್ ತಿನ್ನುವ ಎನ್‌ಝೈಮ್ ಹಾಕಿದ್ರೂ ದಾಟ್ತದೆ, ಡಿಎನ್‌ಎ ತಿನ್ನುವುದನ್ನು ಹಾಕಿದ್ರೆ ದಾಟುದಿಲ್ಲ. ಇಷ್ಟು ಮಾಡಿದ ಏವರಿಗೆ ನೊಬೆಲ್ ಬರ್ಲೇ ಇಲ್ಲ. 1952ರಲ್ಲಿ ಹರ್ಶಿ ಮತ್ತು ಮಾರ್ಥಾ ಚೇಸ್ ವೈರಸ್ಸಿನ ಡಿಎನ್‌ಎಗೆ ವಿಕಿರಣದ ರಂಜಕ, ಪ್ರೋಟೀನಿಗೆ ವಿಕಿರಣದ ಗಂಧಕ ಹಾಕಿ ಗುರುತು ಮಾಡಿ ಅಡಿಗೆಮನೆ ಮಿಕ್ಸಿಯಂಥದ್ದರಲ್ಲಿ ತಿರುಗಿಸಿ ನೋಡಿದ್ರು, ಬ್ಯಾಕ್ಟೀರಿಯಾದ ಒಳಗೆ ಹೋದದ್ದು ಮುಖ್ಯವಾಗಿ ರಂಜಕ.

ಆಮೇಲೆ 25 ಏಪ್ರಿಲ್ 1953, ನೇಚರ್ ಪತ್ರಿಕೆ. ಒಂದಲ್ಲ, ಮೂರು ಪೇಪರ್ ಒಟ್ಟಿಗೆ ಬಂದದ್ದು ಅಂತ ಬರೀರಿ, ವಾಟ್ಸನ್-ಕ್ರಿಕ್ ಒಂದು, ವಿಲ್ಕಿನ್ಸ್ ತಂಡದ್ದು ಒಂದು, ಫ್ರಾಂಕ್ಲಿನ್-ಗಾಸ್ಲಿಂಗ್ ಒಂದು. ಸುರುಳಿಯ ಚಿತ್ರ ಬಿಡಿಸಿದ್ದು ಕ್ರಿಕ್ ಹೆಂಡತಿ ಒಡೀಲ್. ಫ್ರಾಂಕ್ಲಿನ್ 1958ರಲ್ಲಿ ಅಂಡಾಶಯದ ಕ್ಯಾನ್ಸರಿಂದ ತೀರಿಹೋದ್ರು, 37 ವರ್ಷ. ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ. ಜಾಗ ಉಳಿದ್ರೆ ಹರಗೋವಿಂದ ಖೊರಾನಾ ಹೆಸರು ಹಾಕಿ, ಅಕ್ಷರಗಳಿಂದ ಪ್ರೋಟೀನ್ ಹೇಗೆ ಓದುದು ಅಂತ ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಹಂಚಿಕೊಂಡವರು.

ಸಾಗಿಸುದು ಹೇಗೆ ಅಂತ ಒಂದು ಮಾತು. ತೇವದ ದಿನ ರಟ್ಟು ಮೆತ್ತಗಾಗಿ ಮೂಲೆ ಕೆಳಗೆ ಜೋಲ್ತದೆ, ಹಾಗಾಗಿ ಬಣ್ಣ ಒಣಗಿದ ಮೇಲೆ ಎರಡೂ ಕಡೆ ವಾರ್ನಿಶ್ ಒಂದು ಕೋಟು ಹೊಡೀರಿ, ಅಂಚಿಗೂ ಹೊಡೀರಿ, ನೀರು ಹೋಗುದು ಅಂಚಿಂದಲೇ. ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ತೆಗೊಂಡು ಹೋಗುದಾದ್ರೆ ಪ್ಲೈವುಡ್ ಬಿಚ್ಚಿ ಬೇರೆ ಹಿಡ್ಕೊಳ್ಳಿ, ರಾಡ್ ಸಮೇತ ಬಾಕಿ ಮಾಡೆಲನ್ನು ಹಳೇ ಬೆಡ್‌ಶೀಟಲ್ಲಿ ಸುತ್ತಿ ಮಡಿಲಲ್ಲಿ ಮಲಗಿಸಿ, ಡಿಕ್ಕಿಗೆ ಹಾಕ್ಬೇಡಿ, ಮತ್ತೆ ಒಂದು ಸ್ಪ್ಯಾನರು, ಎರಡು ನಟ್ಟು, ಎರಡು ರಟ್ಟು ಎಕ್ಸ್‌ಟ್ರಾ ಬ್ಯಾಗಲ್ಲಿ ಇರ್ಲಿ.